ಸಿಂಗಾಪುರದಿಂದ ಕೆಎಲ್‌ಗೆ ನಿಜಕ್ಕೂ ಎಷ್ಟು ಹೊತ್ತು?

ನಾನಿರುವುದು ಸಿಂಗಾಪುರದಲ್ಲಿ. ಕ್ವಾಲಾಲಂಪುರಕ್ಕೆ, ಇಲ್ಲಿನವರ ಬಾಯಲ್ಲಿ ಕೆಎಲ್‌ಗೆ, ಆಫೀಸ್ ಕೆಲಸದ ಮೇಲೆ ಆಗಾಗ ಹೋಗುತ್ತಿರುತ್ತೇನೆ. ಹೆಚ್ಚುಕಡಿಮೆ ಬೆಂಗಳೂರು–ಚೆನ್ನೈಯಷ್ಟು ದೂರ. ವಿಮಾನದ ಟೈಮ್‌ಟೇಬಲ್ ಮಾತ್ರ ಒಂದು ಗಂಟೆಗೂ ಜಾಸ್ತಿ ತೋರಿಸುತ್ತದೆ. ಯಾಕೆ ಅಂತ ಪೆನ್ನು, ಪೇಪರ್ ಹಿಡಿದು ಕೂತೆ.

ದೂರದ ಲೆಕ್ಕಕ್ಕೆ ಹೈಸ್ಕೂಲ್ ಗಣಿತ ಸಾಕು. ಚಾಂಗಿ ವಿಮಾನ ನಿಲ್ದಾಣ ಇರುವುದು 1.36 ಡಿಗ್ರಿ ಉತ್ತರ, 103.99 ಪೂರ್ವದಲ್ಲಿ. ಕೆಎಲ್ ನಿಲ್ದಾಣ 2.75 ಉತ್ತರ, 101.71 ಪೂರ್ವ. ವ್ಯತ್ಯಾಸ 1.39 ಮತ್ತು 2.28. ಎರಡನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದರೆ 2.67. ಒಂದು ಡಿಗ್ರಿಗೆ 111 ಕಿ.ಮೀ. ಅಂದರೆ ಸುಮಾರು 296 ಕಿ.ಮೀ. ಎರಡೂ ಊರು ಸಮಭಾಜಕ ವೃತ್ತದ ಪಕ್ಕದಲ್ಲೇ ಇರುವುದರಿಂದ ಪೈಥಾಗೊರಸ್ ಸೂತ್ರ ಸಲೀಸಾಗಿ ನಡೆಯಿತು. ಉತ್ತರಕ್ಕೆ ಹೋದಷ್ಟೂ ಪೂರ್ವ-ಪಶ್ಚಿಮದ ಡಿಗ್ರಿ ಕಿರಿದಾಗುತ್ತದೆ. ದೆಹಲಿಯ ಹತ್ತಿರ ಅದು ಸುಮಾರು 98 ಕಿ.ಮೀ. ಅಷ್ಟೇ.

ಗಂಟೆಗೆ 800 ಕಿ.ಮೀ. ವೇಗ ಹಿಡಿದರೆ ಇದು 22 ನಿಮಿಷದ ದಾರಿ. ಆದರೆ ಟೈಮ್‌ಟೇಬಲ್‌ನ ಗಡಿಯಾರ ಓಡಲು ಶುರುವಾಗುವುದು ವಿಮಾನ ಗೇಟ್ ಬಿಟ್ಟಾಗ, ನಿಲ್ಲುವುದು ಮತ್ತೊಂದು ಗೇಟ್ ಸೇರಿದಾಗ. ರನ್‌ವೇವರೆಗಿನ ಓಟ, ಸರದಿ, ಮೇಲೇರುವುದು, ಇಳಿಯುವುದು, ಮೇಲೊಂದಿಷ್ಟು ಮೀಸಲು ಸಮಯ ಎಲ್ಲವೂ ಅದರೊಳಗೇ. ಹಾಗಾಗಿ ದೂರವನ್ನು 800ರಿಂದ ಭಾಗಿಸಿ 40 ನಿಮಿಷ ಸೇರಿಸುವುದು ನನ್ನ ರೂಢಿ. ಕೆಎಲ್‌ಗೆ ಒಂದು ಗಂಟೆ ಚಿಲ್ಲರೆ ಬರುತ್ತದೆ. ಸುಮಾರು 1,400 ಕಿ.ಮೀ. ದೂರದ ಬ್ಯಾಂಕಾಕ್‌ಗೆ ಎರಡೂವರೆ ಗಂಟೆಯ ಹತ್ತಿರ. ಬ್ಯಾಂಕಾಕ್ ಗಡಿಯಾರ ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ, ಆದ್ದರಿಂದ ಟಿಕೆಟ್ ನೋಡಿದರೆ ಹೋಗುವಾಗ ಒಂದೂವರೆ ಗಂಟೆ, ಬರುವಾಗ ಮೂರೂವರೆ! ಕೆಎಲ್‌ಗೆ ಈ ತಲೆನೋವಿಲ್ಲ. ಎರಡೂ ಊರಿಗೆ ಒಂದೇ ಸಮಯ.

ನಿಜವಾದ ಸಮಯ ಹೋಗುವುದು ನೆಲದ ಮೇಲೆ. ಮನೆಯಿಂದ ಚಾಂಗಿಗೆ ಮುಕ್ಕಾಲು ಗಂಟೆ. ವಿಮಾನ ಹೊರಡುವ ಎರಡು ಗಂಟೆ ಮುಂಚೆ ಅಲ್ಲಿರುತ್ತೇನೆ. ಕೆಎಲ್ ನಿಲ್ದಾಣ ಇರುವುದು ಊರಿನಲ್ಲಲ್ಲ, ಸುಮಾರು 50 ಕಿ.ಮೀ. ಆಚೆ ಸೆಪಾಂಗ್‌ನಲ್ಲಿ. ಇಮಿಗ್ರೇಷನ್ ಮುಗಿಸಿ, ಎಕ್ಸ್‌ಪ್ರೆಸ್ ರೈಲು ಹತ್ತಿದರೆ ಊರೊಳಗಿನ ರೈಲು ನಿಲ್ದಾಣ ಕೆಎಲ್ ಸೆಂಟ್ರಲ್‌ಗೆ ಅರ್ಧ ಗಂಟೆ. ಎಲ್ಲ ಕೂಡಿಸಿದರೆ ಐದು ಗಂಟೆ!

ಬಸ್ಸಿಗೂ ಐದಾರು ಗಂಟೆ. ರಸ್ತೆ ಸುಮಾರು 350 ಕಿ.ಮೀ., ಸೀಟು ಅಗಲ, ಮಲೇಷ್ಯಾದ ಹೆದ್ದಾರಿ ನುಣುಪು. ಗಡಿಯಲ್ಲಿ ಮಾತ್ರ ಎರಡು ಸಲ ಇಳಿದು ಹತ್ತಬೇಕು, ಒಮ್ಮೆ ಸಿಂಗಾಪುರದ ಕಡೆ, ಒಮ್ಮೆ ಮಲೇಷ್ಯಾದ ಕಡೆ. ಬೆಳಗ್ಗೆ ಮೀಟಿಂಗ್ ಇದ್ದರೆ ನಾನು ವಿಮಾನವನ್ನೇ ಹಿಡಿಯುತ್ತೇನೆ, ಗಡಿಯ ಕ್ಯೂ ನಂಬುವ ಹಾಗಿಲ್ಲ. ಸುಮ್ನೆ ಸುತ್ತಾಡಲು ಹೊರಟರೆ ಬಸ್ಸೇ ಸರಿ. ಶುಕ್ರವಾರ ಸಂಜೆ, ಶಾಲೆ ರಜೆಯ ಮೊದಲ ದಿನ ಮಾತ್ರ ಬೇಡ. ಅವತ್ತು ಗಡಿಯ ವುಡ್‌ಲ್ಯಾಂಡ್ಸ್ ಸೇತುವೆಯ ಒಂದು ಕಿಲೋಮೀಟರ್ ದಾಟಲಿಕ್ಕೇ ಗಂಟೆಗಟ್ಟಲೆ ಬೇಕಾಗಬಹುದು.