ಅಟ್ಟೆಯ ಒತ್ತು ಎಲ್ಲಿ ಹೋಯಿತು?

ಶಿರ್ವದ ಹತ್ತಿರ ನನ್ನ ದೊಡ್ಡಮ್ಮ ಮಲ್ಲಿಗೆ ಬೆಳೆಯುತ್ತಾರೆ. ನಮ್ಮ ಉಡುಪಿ ಮಲ್ಲಿಗೆಯ ದರ ಶಂಕರಪುರದಲ್ಲಿ ದಿನಾ ನಿಗದಿಯಾಗುತ್ತದೆ. ಸುಮಾರು 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಕೊಟ್ಟ ಹೂವಿನ ಲೆಕ್ಕವನ್ನು ಅವರು ಕ್ಯಾಲೆಂಡರ್‌ನ ಮೇಲೆ ಬರೆಯುತ್ತಿದ್ದರು. ಅದಕ್ಕೊಂದು ಆ್ಯಪ್ ಮಾಡಿಕೊಡೋಣ ಅನ್ನಿಸಿತು. ಆ್ಯಪ್ ಕಟ್ಟುವ ಸಲಕರಣೆಯಾದ ಫ್ಲಟರ್‌ನಲ್ಲಿ ಬರೆದೆ. ಲೆಕ್ಕದ ಭಾಗ ಎರಡೇ ದಿನದಲ್ಲಿ ಮುಗಿಯಿತು. ಪರದೆಯ ಕೆಲಸಕ್ಕೆ ಒಂದೂವರೆ ತಿಂಗಳು ಹಿಡಿಯಿತು.

ಮೊದಲ ದಿನ ಫೋನ್ ಕೈಗೆ ಕೊಟ್ಟಾಗ ದೊಡ್ಡಮ್ಮ ಕೇಳಿದ್ದು ಇಷ್ಟೇ: "ಇಲ್ಲಿ 'ಅಟೆ' ಅಂತ ಉಂಟಲ್ಲ ಮಗಾ, ಒತ್ತು ಎಲ್ಲಿ ಹೋಯ್ತು?"

ನನ್ನ ಫೋನಿನಲ್ಲಿ 'ಅಟ್ಟೆ' ಸರಿಯಾಗಿಯೇ ಇತ್ತು. ಅವರದರಲ್ಲಿ ಅಕ್ಷರದ ಗಾತ್ರ ಅತಿ ದೊಡ್ಡದಕ್ಕೆ ಇಟ್ಟಿದ್ದರು. ಕನ್ನಡಕ ಇಲ್ಲದೆ ಓದಬೇಕು, ಅಲ್ವಾ? ನಾನು ಪ್ರತಿ ಸಾಲನ್ನೂ ಸೈಜ್ಡ್‌ಬಾಕ್ಸ್ (ಅಳತೆ ಗೊತ್ತುಮಾಡಿದ ಪೆಟ್ಟಿಗೆ) ಒಳಗೆ ಇಟ್ಟು 24ರ ಎತ್ತರ ಕೊಟ್ಟಿದ್ದೆ. ಇಂಗ್ಲಿಷ್‌ನಲ್ಲಿ ವಿನ್ಯಾಸ ಮಾಡಿ, ಕೊನೆಗೆ ಪದಗಳನ್ನು ಕನ್ನಡಕ್ಕೆ ಬದಲಿಸಿದ್ದೇ ತಪ್ಪಾಗಿತ್ತು. ಕನ್ನಡಕ್ಕೆ ಮೇಲೆ ಗುಡಿಸು ಬೇಕು, ಕೆಳಗೆ ಒತ್ತಕ್ಷರ ಬೇಕು. ಅಕ್ಷರ ದೊಡ್ಡದಾದಾಗ ಪೆಟ್ಟಿಗೆಯ ಎತ್ತರ ಬೆಳೆಯಲಿಲ್ಲ, ಕೆಳಗಿನ ಭಾಗ ಕತ್ತರಿಸಿ ಹೋಯಿತು. ಮೊದಲು ಅಕ್ಷರ ದೊಡ್ಡದಾಗದಂತೆ ತಡೆಯುವ ಯೋಚನೆ ಬಂತು. ಅದು ಅನ್ಯಾಯ ಅನ್ನಿಸಿ ಬಿಟ್ಟೆ.

ಎತ್ತರ ಕಟ್ಟಿಹಾಕಿದ್ದ ಜಾಗಗಳನ್ನೆಲ್ಲ ಹುಡುಕಿ ತೆಗೆದೆ. ಬದಲಿಗೆ ಕನಿಷ್ಠ ಎತ್ತರ ಮಾತ್ರ 48 ಎಂದು ಇಟ್ಟೆ. ಬೆರಳಿಟ್ಟು ಒತ್ತುವ ಜಾಗ ಅದಕ್ಕಿಂತ ಚಿಕ್ಕದಿರಬಾರದು ಎಂದು ಆಂಡ್ರಾಯ್ಡ್‌ನವರೂ ಹೇಳುತ್ತಾರೆ. ಬರಹ ಜಾಸ್ತಿಯಾದರೆ ಪೆಟ್ಟಿಗೆ ತಾನೇ ಬೆಳೆಯುತ್ತದೆ. ಸಾಲಿನ ಎತ್ತರವನ್ನು 1.0ರಿಂದ 1.5ಕ್ಕೆ ಏರಿಸಿದೆ.

ಆಗ ಅಗಲದ ತೊಂದರೆ ಶುರುವಾಯಿತು. 'ಸೇವ್' ಇದ್ದಲ್ಲಿ 'ಉಳಿಸಿಕೊಳ್ಳಿ' ಬಂದಿತ್ತು. ಪರದೆಯ ಬಲ ಅಂಚಿನಲ್ಲಿ ಹಳದಿ-ಕಪ್ಪು ಪಟ್ಟಿ! ಫ್ಲಟರ್ ಬಳಸಿದವರಿಗೆಲ್ಲ ಈ ಪಟ್ಟಿ ಗೊತ್ತು; ಇದ್ದ ಜಾಗ ಸಾಲದೆ ಹೊರಗೆ ಹೋಗಿದೆ ಎಂಬ ಎಚ್ಚರಿಕೆ. ಅದು ಡೀಬಗ್‌ನಲ್ಲಿ, ಅಂದರೆ ಆ್ಯಪ್ ಬರೆಯುವವರು ಪರೀಕ್ಷಿಸುವಾಗ ಮಾತ್ರ ಕಾಣುತ್ತದೆ. ಬಳಸುವವರ ಫೋನಿನಲ್ಲಿ ಪಟ್ಟಿ ಇರುವುದಿಲ್ಲ, ಬರಹ ಸುಮ್ನೆ ಹೊರಗೆ ಹೋಗಿರುತ್ತದೆ. ಎರಡು ಗುಂಡಿಗಳನ್ನು, ಒಂದೇ ಸಾಲಿನಲ್ಲಿ ಜೋಡಿಸುವ ರೋ ಬದಲು ರ‍್ಯಾಪ್ ಒಳಗೆ ಹಾಕಿದೆ. ಜಾಗ ಸಾಲದಿದ್ದರೆ ಎರಡನೆಯದು ಕೆಳಗಿನ ಸಾಲಿಗೆ ಇಳಿಯುತ್ತದೆ.

ಕೀಬೋರ್ಡ್‌ನ ಕಥೆ ಚಿಕ್ಕದು. ಕೆಳಗಿನಿಂದ ಏಳುವ ಹಾಳೆಯಲ್ಲಿ ಸಂಖ್ಯೆ ಬರೆಯಲು ಹೋದರೆ ಗುಂಡಿ ಕೀಬೋರ್ಡ್‌ನ ಹಿಂದೆ ಅಡಗುತ್ತಿತ್ತು. ಹಾಳೆ ಬೇಕಾದಷ್ಟು ಎತ್ತರ ಬೆಳೆಯಲು ಬಿಡುವ ಸ್ಕ್ರೋಲ್ ಕಂಟ್ರೋಲ್ಡ್ ಆಯ್ಕೆ ಕೊಟ್ಟು, ಕೆಳಗೆ ವ್ಯೂಇನ್‌ಸೆಟ್ಸ್‌ನಷ್ಟು, ಅಂದರೆ ಕೀಬೋರ್ಡ್ ಮುಚ್ಚುವಷ್ಟು ಜಾಗ ಬಿಟ್ಟೆ. ಸರಿಹೋಯಿತು.

ಹೆಚ್ಚು ಕಾಡಿದ್ದು ಹೆಸರಿನ ಪಕ್ಕದ ದುಂಡು ಗುರುತು. ಹೆಸರಿನ ಮೊದಲ ಅಕ್ಷರ ಅದರಲ್ಲಿ ಬರಬೇಕು. 'ಪ್ರೇಮಾ' ಅನ್ನುವಂಥ ಹೆಸರಿಗೆ ಬರೀ 'ಪ' ಬರುತ್ತಿತ್ತು. ನಮ್ಮ ಕಣ್ಣಿಗೆ 'ಪ್ರೇ' ಒಂದೇ ಅಕ್ಷರ. ಕಂಪ್ಯೂಟರ್ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಅದು ಪ, ವಿರಾಮ (ಅಕ್ಷರದ ಸ್ವರ ತೆಗೆಯುವ ಚಿಹ್ನೆ), ರ, ಏತ್ವ ಎಂದು ನಾಲ್ಕು ಸಂಕೇತ. ಮೊದಲನೆಯದನ್ನು ಮಾತ್ರ ಕತ್ತರಿಸಿದರೆ ಹೆಸರೇ ಅಂಗವಿಹೀನವಾಗುತ್ತದೆ. ಒಂದು ವಾರ ಒದ್ದಾಡಿ, ಕೊನೆಗೆ ದುಂಡು ಗುರುತನ್ನೇ ತೆಗೆದು ಪೂರ್ತಿ ಹೆಸರು ದೊಡ್ಡದಾಗಿ ಬರೆದೆ. ಈಗ ನೋಡಿದರೆ ಅದೇ ಚಂದ ಇದೆ.

ಈಗ ನಾನು ಕೆಲಸ ಶುರು ಮಾಡುವ ಮೊದಲೇ ಫೋನಿನ ಅಕ್ಷರವನ್ನು ಅತಿ ದೊಡ್ಡದಕ್ಕೆ ಇಡುತ್ತೇನೆ. ಪದಗಳು ಮೊದಲ ದಿನದಿಂದಲೇ ಕನ್ನಡದಲ್ಲಿ.

ಹೋದ ವಾರ ದೊಡ್ಡಮ್ಮ ಹೊಸದೊಂದು ಕೇಳಿದರು. ಗಿಡಕ್ಕೆ ಹಾಕಿದ ಗೊಬ್ಬರದ ಖರ್ಚೂ ಅದರಲ್ಲೇ ಬರೆಯಬೇಕಂತೆ. ಆ ಪುಟದಲ್ಲಿ ಮೊದಲು 'ಕೊಟ್ಟಿಗೆ ಗೊಬ್ಬರ' ಎಂದು ಟೈಪ್ ಮಾಡಿ ನೋಡಿದೆ. ಎರಡೂ ಪದದಲ್ಲಿ ಒತ್ತು ಉಂಟು. ಎರಡೂ ಪೂರ್ತಿ ಕಾಣುತ್ತಿವೆ.