ಕಚೇರಿಯ ಗಾಲ್ಫ್ ಕೂಟಕ್ಕೆ ಮಹಿಳೆಯರು ಸಿದ್ಧರಾಗುವ ಬಗೆ

ಹುಬ್ಬಳ್ಳಿ-ಧಾರವಾಡದಲ್ಲಿ ಬ್ಯಾಂಕು, ವಿಮೆ, ಸಾಫ್ಟ್‌ವೇರ್ ಕ್ಷೇತ್ರಗಳ ಹಿರಿಯ ಹುದ್ದೆಯಲ್ಲಿರುವ ಮಹಿಳೆಯರಿಗೆ ಬೆಂಗಳೂರಿನ ಕಚೇರಿಯಿಂದ ಗಾಲ್ಫ್ ಕೂಟದ ಆಮಂತ್ರಣ ಬಂದಾಗ, ಆಟ ಬರುವುದಿಲ್ಲವೆಂದು ಹಿಂದೆ ಸರಿಯುವ ಮೊದಲು ಆಯೋಜಕರಿಗೆ ಫೋನ್ ಮಾಡಿ ಆಟದ ಪದ್ಧತಿ ಯಾವುದೆಂದು ಕೇಳುವುದು ಒಳ್ಳೆಯದು. ಇಂತಹ ಕೂಟಗಳಲ್ಲಿ ‘ಸ್ಕ್ರ್ಯಾಂಬಲ್’ ಸಾಮಾನ್ಯ: ತಂಡದವರೆಲ್ಲರೂ ಚೆಂಡು ಹೊಡೆದು, ಚೆನ್ನಾಗಿ ಬಿದ್ದ ಒಂದನ್ನು ಆರಿಸಿಕೊಂಡು, ಮುಂದಿನ ಹೊಡೆತವನ್ನು ಎಲ್ಲರೂ ಅಲ್ಲಿಂದಲೇ ಹೊಡೆಯುತ್ತಾರೆ. ಆದ್ದರಿಂದ ಹೊಸಬರ ಹೊಡೆತ ಕೆಟ್ಟರೂ ತಂಡ ಕೆಡುವುದಿಲ್ಲ. ಉಡುಪಿನ ನಿಯಮವನ್ನೂ, ಮಹಿಳೆಯರಿಗೆ ಹೊಂದುವ ಹಗುರ ಕ್ಲಬ್‌ಗಳು (ಚೆಂಡು ಹೊಡೆಯುವ ಕೋಲುಗಳು) ಬಾಡಿಗೆಗೆ ಸಿಗುತ್ತವೆಯೇ ಎಂಬುದನ್ನೂ, ಮೈದಾನದ ನಡುವೆ ಶೌಚಾಲಯ ಎಲ್ಲಿದೆ ಎಂಬುದನ್ನೂ ಅದೇ ಫೋನಿನಲ್ಲಿ ಕೇಳಿಕೊಳ್ಳಿ. 18 ಹೋಲ್‌ಗಳ (ಚೆಂಡು ಬೀಳಿಸಬೇಕಾದ ಕುಳಿಗಳ) ಆಟಕ್ಕೆ ನಾಲ್ಕೈದು ತಾಸು ಬೇಕಾಗುವುದರಿಂದ ಕೊನೆಯ ಪ್ರಶ್ನೆಗೆ ಸಂಕೋಚ ಬೇಡ.

ನಿಯಮದಂತೆ ಚೀಲದಲ್ಲಿ 14 ಕ್ಲಬ್‌ಗಳವರೆಗೆ ಇರಬಹುದು. ಹೊಸಬರಿಗೆ ಚೆಂಡನ್ನು ಮೇಲೆತ್ತಿ ಹೊಡೆಯುವ ಸೆವೆನ್ ಐರನ್ ಮತ್ತು ನೆಲದ ಮೇಲೆ ಹೋಲ್‌ನತ್ತ ಉರುಳಿಸುವ ಪಟರ್ ಎರಡೇ ಸಾಕು. ಪಟರ್ ಅಭ್ಯಾಸಕ್ಕೆ ಮನೆಯೇ ಮೈದಾನ. ನವಲಗುಂದದ ಜಮಖಾನೆಯನ್ನು ಸುಕ್ಕಿಲ್ಲದೆ ಹಾಸಿ, ಆರಡಿ ದೂರದಲ್ಲಿ ಸ್ಟೀಲ್ ಲೋಟವನ್ನು ಬಾಯಿ ನಿಮ್ಮತ್ತ ಇರುವಂತೆ ಅಡ್ಡ ಮಲಗಿಸಿ, ಕಣ್ಣಿನ ನೇರ ಕೆಳಗೆ ಚೆಂಡಿಟ್ಟು, ಮಣಿಕಟ್ಟು ಮಡಚದೆ ಭುಜಗಳನ್ನಷ್ಟೇ ತೂಗಿ ಮೆಲ್ಲಗೆ ತಳ್ಳಬೇಕು. ಹೋಲ್‌ನ ವ್ಯಾಸ 4.25 ಇಂಚು, ಲೋಟದ ಬಾಯಿ ಅದಕ್ಕಿಂತ ಕಿರಿದಾದುದರಿಂದ ಇಲ್ಲಿ ಕೈ ಕುದುರಿದವರಿಗೆ ಅಲ್ಲಿನ ಹೋಲ್ ದೊಡ್ಡದಾಗಿಯೇ ಕಾಣುತ್ತದೆ. ಸೆವೆನ್ ಐರನ್ ಹಿಡಿಯುವುದನ್ನು ಮಾತ್ರ ತರಬೇತುದಾರರಿಂದಲೇ ಕಲಿಯಬೇಕು; ಕೂಟಕ್ಕೆ ಒಂದೆರಡು ದಿನ ಮೊದಲೇ ರೈಲು ಹತ್ತಿ, ಡ್ರೈವಿಂಗ್ ರೇಂಜ್‌ನಲ್ಲಿ (ಹೊಡೆತದ ಅಭ್ಯಾಸದ ಮೈದಾನದಲ್ಲಿ) ಪಾಠ ಹೇಳಿಸಿಕೊಳ್ಳಿ. ಬಲಗೈಯವರು ಎಡಗೈಗೆ ಗ್ಲೌಸ್ ಹಾಕುವುದರಿಂದ ಬಳೆ, ಉಂಗುರಗಳನ್ನು ತೆಗೆದಿಟ್ಟೇ ಹೋಗುವುದು ಲೇಸು.

ಜೊತೆಗಾರರು ಸಹಿಸದಿರುವುದು ಕೆಟ್ಟ ಆಟವನ್ನಲ್ಲ, ವಿಳಂಬವನ್ನು. ನಿಮ್ಮ ಸರದಿ ಬರುವಷ್ಟರಲ್ಲಿ ಕ್ಲಬ್ ಕೈಯಲ್ಲಿರಲಿ. ಕಳೆದ ಚೆಂಡನ್ನು ಹುಡುಕಲು 2019ರ ನಿಯಮ ಕೊಡುವುದು 3 ನಿಮಿಷ ಮಾತ್ರ. ಇನ್ನೊಬ್ಬರು ಹೊಡೆಯುವಾಗ ಮಾತು ಬೇಡ, ಗ್ರೀನ್ (ಹೋಲ್ ಸುತ್ತಲಿನ ನುಣುಪು ಹುಲ್ಲುಹಾಸು) ಮೇಲೆ ಅವರ ಚೆಂಡಿಗೂ ಹೋಲ್‌ಗೂ ನಡುವಿನ ದಾರಿಯನ್ನು ತುಳಿಯಬೇಡಿ. ಹೋಲ್‌ಗೆ ಹತ್ತಿರವಿರುವ ಮುಂಭಾಗದ ಟೀಯಿಂದ (ಮೊದಲ ಹೊಡೆತದ ಜಾಗದಿಂದ) ಆಡಲು ಹೇಳಿದರೆ ಮುಜುಗರವೇಕೆ? ಅಲ್ಲಿಂದ ಆಡುವ ಗಂಡಸರೂ ಇದ್ದಾರೆ. ಕೇಳದೆಯೇ ಪಾಠ ಹೇಳುವವರೊಬ್ಬರು ಪ್ರತಿ ತಂಡದಲ್ಲೂ ಸಿಗುತ್ತಾರೆ. ‘ಇವತ್ತಿಗೆ ಇಷ್ಟ ಸಾಕ್ರೀ ಸರ್’ ಎಂದು ನಗುತ್ತಲೇ ಹೇಳಿ ಮುಂದೆ ನಡೆಯಿರಿ.

ವ್ಯವಹಾರದ ಮಾತನ್ನು ಕೂಟಕ್ಕೆ ಬಂದ ಗ್ರಾಹಕರೇ ಎತ್ತಲಿ. ಆದರೆ ಆಟ ಮುಗಿದೊಡನೆ ಹೊರಟುಬಿಡುವುದು ಸರಿಯಲ್ಲ. ನಿಜವಾದ ಮಾತುಕತೆ ಕುದುರುವುದು ಊಟದ ಮೇಜಿನಲ್ಲಿ, ಅಲ್ಲಿ ಮದ್ಯ ಬೇಡದವರು ನಿಂಬೆ ಸೋಡಾ ಹಿಡಿದು ಕುಳಿತರೂ ನಡೆಯುತ್ತದೆ. ಕ್ಲಬ್‌ಗಳ ಚೀಲ ಹೊರುವ ಕ್ಯಾಡಿಗೆ ಎಷ್ಟು ಕೊಡುವ ರೂಢಿಯಿದೆ ಎಂದು ಮೊದಲೇ ವಿಚಾರಿಸಿ, ಆ ಹಣವನ್ನು ಬೇರೆಯಾಗಿ ಜೇಬಿನಲ್ಲಿಟ್ಟುಕೊಳ್ಳಿ.