ಕಾರು ಆಯಿಲ್ ಕುಡಿಯುತ್ತಿದೆಯೇ? ಇಂಜಿನ್ ಇಳಿಸುವ ಮೊದಲು ಅಳೆದು ನೋಡಿ

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕತಗಾಲದ ಕಡೆಯ ಸಪಾಟು ರಸ್ತೆಗೆ ಬಂದು ಮತ್ತೆ ಆಕ್ಸಿಲರೇಟರ್ ಒತ್ತಿದೊಡನೆ ಸೈಲೆನ್ಸರಿನಿಂದ ನೀಲಿ ಹೊಗೆ ಒಮ್ಮೆಲೇ ಎದ್ದು ಕನ್ನಡಿಯಲ್ಲಿ ಕಾಣಿಸಿದರೆ, ಆ ಕಾರು ಪೆಟ್ರೋಲಿನ ಜೊತೆಗೆ ಇಂಜಿನ್ ಆಯಿಲನ್ನೂ ಸುಡುತ್ತಿದೆ ಎಂದು ತಿಳಿಯಬೇಕು. ನಮ್ಮ ಮನೆಯ ಹಳೆಯ ಕಾರಿನಲ್ಲಿ ಇದನ್ನು ಕಂಡು ಗ್ಯಾರೇಜಿಗೆ ಒಯ್ದಾಗ, ಬಾನೆಟ್ ತೆರೆಯುವ ಮೊದಲೇ ‘ರಿಂಗ್ ಹೋಗಿದೆ, ಇಂಜಿನ್ ಇಳಿಸಬೇಕು’ ಎಂದರು. ಕೊನೆಗೆ ನೋಡಿದರೆ ಹೋಗಿದ್ದು ಪಿಸ್ಟನ್ನಿನ ಸುತ್ತ ಕೂತು ಆಯಿಲ್ ಮೇಲೇರದಂತೆ ತಡೆಯುವ ರಿಂಗ್ ಅಲ್ಲ, ವಾಲ್ವಿನ ಕಡ್ಡಿಯ ಸುತ್ತ ಆಯಿಲ್ ತಡೆಯುವ ಸಣ್ಣ ವಾಲ್ವ್ ಸೀಲ್. ಕಡಿಮೆ ಖರ್ಚಿನ ಕಾರಣಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ ನೋಡುವವರೆಗೆ ಇಂಜಿನ್ ಬಿಚ್ಚಲು ಯಾರೂ ಒಪ್ಪಬಾರದು ಎಂಬುದು ಅಂದಿನಿಂದ ನನ್ನ ಖಚಿತ ಅಭಿಪ್ರಾಯ.

ಮೊದಲ ಕೆಲಸ ಅಳತೆ. ಘಟ್ಟದ ಮೇಲಿನ ಮನೆಗಳಲ್ಲಿ ಕಾರು ನಿಲ್ಲಿಸುವ ಜಾಗ ಎಷ್ಟೋ ಕಡೆ ಇಳಿಜಾರಾಗಿರುತ್ತದೆ. ಅಲ್ಲಿ ನೋಡಿದ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ಅಳತೆಯನ್ನು ನಂಬುವಂತಿಲ್ಲ. ಅಡಿಕೆ ಒಣಗಿಸುವ ಅಂಗಳದಂಥ ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ, ಬಿಸಿಯಾದ ಇಂಜಿನನ್ನು ಆರಿಸಿ, ಆಯಿಲ್ ಕೆಳಗಿನ ಚೇಂಬರಿಗೆ ಇಳಿಯಲು 5ರಿಂದ 10 ನಿಮಿಷ ಕಾದು, ಡಿಪ್‌ಸ್ಟಿಕ್ ತೆಗೆದು ಶುಭ್ರವಾದ ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗೆ ಹಾಕಿ ಮತ್ತೆ ಹೊರತೆಗೆದು ನೋಡಬೇಕು. ಎರಡು ಗುರುತುಗಳ ನಡುವಿನ ಅಂತರ ಅನೇಕ ಕಾರುಗಳಲ್ಲಿ ಸುಮಾರು 1 ಲೀಟರ್ ಇರುತ್ತದೆ. ಮೇಲಿನ ಗುರುತಿಗೆ ಸರಿಯಾಗಿ ತುಂಬಿಸಿ ಕಿಲೋಮೀಟರ್ ಅಂಕಿಯನ್ನು ಬರೆದಿಟ್ಟು, 1,000 ಕಿ.ಮೀ. ಓಡಿದ ಮೇಲೆ ಅದೇ ಜಾಗದಲ್ಲಿ, ಅದೇ ಕ್ರಮದಲ್ಲಿ ನೋಡಿ, ಅದೇ ಗುರುತಿಗೆ ಬರಲು ಎಷ್ಟು ಮಿಲಿಲೀಟರ್ ಹಾಕಬೇಕಾಯಿತು ಎಂಬುದನ್ನು ಅಳೆಯಿರಿ. 1,000 ಕಿ.ಮೀ.ಗೆ 1 ಲೀಟರ್‌ವರೆಗೆ ಖರ್ಚಾಗಬಹುದೆಂದು ಕೆಲವು ತಯಾರಕರು ಕೈಪಿಡಿಯಲ್ಲೇ ಬರೆದಿರುತ್ತಾರಾದರೂ, ಮನೆಯ ಓಡಾಟದ ಸಣ್ಣ ಕಾರು ಅದರ ಅರ್ಧದಷ್ಟು ಕುಡಿಯತೊಡಗಿದರೂ ಕಾರಣ ಹುಡುಕಲೇಬೇಕು. ಮೇಲಿನ ಗುರುತು ಮೀರಿ ತುಂಬಿಸುವುದೂ ತಪ್ಪು. ಹೆಚ್ಚಾದ ಆಯಿಲನ್ನು ಕೆಳಗೆ ತಿರುಗುವ ಕ್ರ್ಯಾಂಕ್ ದಂಡ ಕಡೆದು ನೊರೆಯೆಬ್ಬಿಸುತ್ತದೆ, ಅದು ಗಾಳಿಯ ಕೊಳವೆಯ ಮೂಲಕ ಸಿಲಿಂಡರಿಗೆ ಸೇರಿ ಉರಿದುಹೋಗುತ್ತದೆ.

ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪವನ್ನು ಕಾಯುತ್ತ ಕೂರಬೇಡಿ. ಅದು ತೋರಿಸುವುದು ಆಯಿಲ್ ಎಷ್ಟಿದೆ ಎಂಬುದನ್ನಲ್ಲ, ಒತ್ತಡ ಬಿದ್ದುಹೋಗಿದೆ ಎಂಬುದನ್ನು. ಅದು ಉರಿದರೆ ಅಲ್ಲೇ ಬದಿಗೆ ನಿಲ್ಲಿಸಿ ಇಂಜಿನ್ ಆರಿಸಬೇಕು.

ಮುಂದೆ, ಆಯಿಲ್ ಹೊರಗೆ ಸೋರುತ್ತಿದೆಯೇ ಎಂದು ನೋಡಬೇಕು. ಇಂಜಿನ್ನಿನ ಅಡಿಭಾಗವನ್ನು ತೊಳೆದು ಒಣಗಿಸಿ, ರಾತ್ರಿ ಕಾರಿನಡಿಗೆ ರಟ್ಟು ಹಾಸಿಟ್ಟರೆ ಬೆಳಿಗ್ಗೆ ಕಲೆ ಬಿದ್ದ ಜಾಗವೇ ದಾರಿ ತೋರಿಸುತ್ತದೆ. ಟ್ಯಾಪೆಟ್ ಕವರಿನ ಪ್ಯಾಕಿಂಗ್, ಆಯಿಲ್ ಫಿಲ್ಟರ್, ಡ್ರೈನ್ ಬೋಲ್ಟಿನ ವಾಷರ್, ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವಲ್ಲಿನ ಸೀಲ್ ಇವು ಸೋರಿಕೆಯ ಸಾಮಾನ್ಯ ಜಾಗಗಳು. ಕಾರವಾರ, ಅಂಕೋಲಾಗಳ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ಓಡಿದ ಕಾರಾದರೆ ತಗಡಿನ ಚೇಂಬರನ್ನೂ ಬೆರಳಾಡಿಸಿ ನೋಡಿ. ತುಕ್ಕಿನ ಹಕ್ಕಳೆಯ ಕೆಳಗೆ ಸೂಜಿಮೊನೆಯಷ್ಟು ತೂತು ಇದ್ದರೂ ಸಾಕು. ಮಳೆಗಾಲದಲ್ಲಿ ರಸ್ತೆಯ ನೀರು ಕಲೆಯನ್ನು ತೊಳೆದುಬಿಡುವುದರಿಂದ ಈ ಪರೀಕ್ಷೆಗೆ ಕಾರು ಒಂದು ರಾತ್ರಿಯಾದರೂ ಸೂರಿನಡಿ ನಿಲ್ಲಬೇಕು.

ಸೋರಿಕೆ ಇಲ್ಲವೆಂದಾದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಆಗ ಹೊಗೆ ಯಾವಾಗ ಬರುತ್ತದೆ ಎಂಬುದನ್ನು ಗಮನಿಸಬೇಕು, ಏಕೆಂದರೆ ರೋಗದ ಮೂಲ ಹೆಚ್ಚಾಗಿ ಅಲ್ಲೇ ಸಿಗುತ್ತದೆ. ದೇವಿಮನೆಯನ್ನೋ ಅರಬೈಲ್ ಘಟ್ಟವನ್ನೋ ಎರಡನೇ ಗೇರಿನಲ್ಲಿ, ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಪೆಟ್ರೋಲ್ ಇಂಜಿನ್ನಿನ ಗಾಳಿಬಾಗಿಲು ಮುಚ್ಚಿರುತ್ತದೆ. ಒಳಗೆ ಬಲವಾದ ನಿರ್ವಾತ ಉಂಟಾಗಿ, ಗಟ್ಟಿಯಾಗಿ ಬಿರುಕು ಬಿಟ್ಟ ವಾಲ್ವ್ ಸೀಲಿನ ಸಂದಿಯಿಂದ ಆಯಿಲನ್ನು ಎಳೆದುಕೊಳ್ಳುತ್ತದೆ. ಹೀಗೆ ಸೇರಿದ ಆಯಿಲ್ ಕೆಳಗೆ ಬಂದು ವೇಗ ಹೆಚ್ಚಿಸಿದಾಗ ಹೊಗೆಯಾಗುತ್ತದೆ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಮಾತ್ರ ಕಾಣಿಸಿ ಮಾಯವಾಗುವ ನೀಲಿ ಹೊಗೆಗೂ ಹೆಚ್ಚಾಗಿ ಇದೇ ಕಾರಣ. (ಹಾಗೆಂದು ನ್ಯೂಟ್ರಲ್‌ನಲ್ಲಿ ಘಟ್ಟ ಇಳಿಯುವ ಯೋಚನೆ ಖಂಡಿತ ಬೇಡ, ಬ್ರೇಕ್ ಕಾದು ಹಿಡಿತ ತಪ್ಪಿದರೆ ಜೀವವೇ ಹೋದೀತು.) ಅದಕ್ಕೆ ಬದಲಾಗಿ ಘಟ್ಟ ಏರುವಾಗ, ಭಾರ ಎಳೆಯುವಾಗ ಹೊಗೆ ಬಿಡದೆ ಬರುತ್ತಿದ್ದರೆ ಪಿಸ್ಟನ್ ರಿಂಗಿನ ಮೇಲೆ ಅನುಮಾನ ಪಡಬೇಕು.

ಆದರೂ ರಿಂಗಿಗೆ ಹೋಗುವ ಮೊದಲು ಪಿಸಿವಿ ವಾಲ್ವ್ ನೋಡಿ. ಇಂಜಿನ್ ಒಳಗಿನ ಆವಿಯನ್ನು ಮತ್ತೆ ಗಾಳಿಯ ದಾರಿಗೆ ಬಿಡುವ ಈ ಸಣ್ಣ ಭಾಗ ತೆರೆದೇ ಉಳಿದರೆ ಆಯಿಲನ್ನೂ ಎಳೆದೊಯ್ಯುತ್ತದೆ, ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ ಸೀಲುಗಳಿಂದ ಆಯಿಲ್ ಹೊರಬರುತ್ತದೆ. ಇಂಜಿನ್ ಐಡಲ್‌ನಲ್ಲಿದ್ದಾಗ ಆಯಿಲ್ ಹಾಕುವ ಮುಚ್ಚಳವನ್ನು ಸಡಿಲಿಸಿ: ಮುಚ್ಚಳ ಎತ್ತಲಾಗದಷ್ಟು ಎಳೆತವಿದ್ದರೆ ವಾಲ್ವ್ ತೆರೆದು ನಿಂತಿರಬಹುದು, ಗಾಳಿ ಬುಸುಬುಸು ಹೊರಗೆ ನೂಕಿದರೆ ಅದು ಕಟ್ಟಿಕೊಂಡಿದೆ, ಇಲ್ಲವೇ ನಮ್ಮ ಮೆಕ್ಯಾನಿಕರು ‘ಬ್ಯಾಕ್ ಕಂಪ್ರೆಶನ್’ ಎನ್ನುವ ರಿಂಗಿನ ತೊಂದರೆ ಇದೆ. ಮುಚ್ಚಳದ ಅಡಿಯಲ್ಲಿ ಮಜ್ಜಿಗೆ ಬಣ್ಣದ ಕೆನೆ ಕಂಡರೆ ಗಾಬರಿ ಬೇಡ. ಆಷಾಢದ ಮಳೆಯಲ್ಲಿ ಪೇಟೆಗೆ ಹೋಗಿ ಬರುವಷ್ಟೇ ಓಡುವ ಕಾರಿನಲ್ಲಿ ತೇವಾಂಶ ಆರದೆ ಹಾಗಾಗುತ್ತದೆ. ಡಿಪ್‌ಸ್ಟಿಕ್ಕಿನಲ್ಲೂ ಅದೇ ಬಣ್ಣವಿದ್ದು ಕೂಲೆಂಟ್ ಇಳಿಯುತ್ತಿದ್ದರೆ ಮಾತ್ರ ಇಂಜಿನ್ನಿನ ಹೆಡ್ಡಿನಡಿಯ ಪ್ಯಾಕಿಂಗ್ ಆದ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಬೇಕು. ಟರ್ಬೊ ಡೀಸೆಲ್ ಕಾರಾದರೆ ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಕೊಳವೆ ಬಿಚ್ಚಿ ನೋಡಿ. ತೆಳುವಾದ ಪಸೆ ಸಹಜ, ಆಯಿಲ್ ನಿಂತಿದ್ದರೆ ಟರ್ಬೊ ಸೀಲನ್ನು ತಡಮಾಡದೆ ನೋಡಿಸಬೇಕು.

ಕೊನೆಯ ಪರೀಕ್ಷೆ ಕಂಪ್ರೆಶನ್ನಿನದು, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಒತ್ತುವ ಗಾಳಿಯ ಒತ್ತಡದ್ದು. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದಾಗ ಯಾವುದು ಆಯಿಲಿನಿಂದ ಒದ್ದೆಯಾಗಿದೆ ಎಂದು ಗುರುತಿಸಿ, ಎಲ್ಲ ಸಿಲಿಂಡರುಗಳ ಒತ್ತಡವನ್ನು ಗೇಜಿನಲ್ಲಿ ನೋಡಿ ಬರೆದುಕೊಳ್ಳಬೇಕು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿದಾಗ ಒತ್ತಡ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ದೋಷ ವಾಲ್ವ್ ಅಥವಾ ಗ್ಯಾಸ್ಕೆಟ್ಟಿನಲ್ಲಿದೆ. ಆಯಿಲ್ ಒರೆಸುವ ಕೆಳಗಿನ ರಿಂಗ್ ಮಾತ್ರ ಮಸಿಯಿಂದ ಅಂಟಿಕೊಂಡಿದ್ದರೆ ಒತ್ತಡ ಸರಿಯಾಗಿಯೇ ಇದ್ದೂ ಆಯಿಲ್ ಉರಿಯುವುದುಂಟು ಎಂಬುದು ನೆನಪಿರಲಿ.

ರಿಪೇರಿಯಲ್ಲೂ ಇದೇ ಕ್ರಮ ಇರಲಿ. ಪ್ಯಾಕಿಂಗ್, ಪಿಸಿವಿ ಬದಲಿಸುವುದು ಸಣ್ಣ ಕೆಲಸ. ವಾಲ್ವ್ ಸೀಲುಗಳನ್ನು ಅನೇಕ ಇಂಜಿನ್ನುಗಳಲ್ಲಿ ಸಿಲಿಂಡರಿಗೆ ಗಾಳಿ ತುಂಬಿ ವಾಲ್ವ್ ಬೀಳದಂತೆ ಹಿಡಿದು, ಹೆಡ್ ಇಳಿಸದೆಯೇ ಹಾಕಬಹುದು. ಹಾಗೆ ಮಾಡಲು ಬರುತ್ತದೆಯೇ ಎಂದು ಮೆಕ್ಯಾನಿಕರನ್ನು ಮೊದಲೇ ಕೇಳಿ. ಕೈಪಿಡಿಯಲ್ಲಿ ಹೇಳಿದ ದರ್ಜೆಯನ್ನು ಬಿಟ್ಟು ಮಂದವಾದ ಆಯಿಲ್ ಹಾಕಿ ಹೊಗೆ ಮುಚ್ಚಿಡುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಸವೆತ ಹಾಗೇ ಮುಂದುವರಿದು, ಉರಿದ ಆಯಿಲಿನಿಂದ, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಹಾಳಾಗುತ್ತದೆ. ರಿಪೇರಿಯಾದ ಮೇಲೂ ಸೈಲೆನ್ಸರಿನಲ್ಲಿ ಉಳಿದ ಆಯಿಲ್ ಉರಿದು ಮುಗಿಯುವವರೆಗೆ ಕೆಲವು ದಿನ ಹೊಗೆ ಕಾಣಬಹುದು. ಆದ್ದರಿಂದ 1,000 ಕಿ.ಮೀ. ಓಡಿಸಿ, ಅದೇ ಅಂಗಳದಲ್ಲಿ ಮತ್ತೊಮ್ಮೆ ಅಳೆದು, ಹಿಂದೆ ಬರೆದಿಟ್ಟ ಅಂಕಿಯ ಪಕ್ಕದಲ್ಲಿ ಹೊಸ ಅಂಕಿಯನ್ನು ಬರೆದುಕೊಳ್ಳಿ.